ಮಗ್ಗದ ಗುಂಡಿ ಮುಚ್ಚಿದವನು

"ಬುದ್ಧಿ, ಉಪಕಾರ ಮಾಡಿದವರ ಮೇಲೆಯೇ ಕೆಂಡ ಕಾರುವವನನ್ನು ಕೃತಘ್ನ ಎನ್ನದೆ ಇನ್ನೇನು ಎನ್ನಬೇಕು?"

ಹೀಗೆ ಕೇಳಿದವನು ಮಠದ ಉಸ್ತುವಾರಿ ನೋಡಿಕೊಳ್ಳುವ ಶಿಷ್ಯ ಮರುಳಯ್ಯ. ಯಾರ ಮೇಲಿನ ದೂರು ಇದು ಎಂದು ಗುರುಗಳಿಗೆ ಗೊತ್ತಿತ್ತು. ಮಠದ ಅಡುಗೆಯ ಗುರುಸಿದ್ದಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಆಸ್ಪತ್ರೆಯಿಂದ ಬಂದವನನ್ನು ಮರುಳಯ್ಯ ಒಲೆಯ ಹತ್ತಿರ ಬಿಡಲಿಲ್ಲ. ಇನ್ನು ನೀನು ದುಡಿಯುವುದು ಬೇಡ, ಜಗಲಿಯ ಮೇಲೆ ಕೂತು ಶಿವನಾಮ ಹೇಳಿಕೊಂಡಿರು, ಪ್ರಸಾದ ನೀನಿದ್ದಲ್ಲಿಗೇ ಬರುತ್ತದೆ ಎಂದ. ಗುರುಸಿದ್ದಪ್ಪ ಆ ಬೆಳಿಗ್ಗೆ ಭಕ್ತರ ಎದುರಿಗೇ ಅವನನ್ನು ಬಾಯಿಗೆ ಬಂದಂತೆ ಬೈದಿದ್ದ.

"ಕೂತುಕೋ" ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಇವತ್ತು ನನಗೂ ತಾಳ್ಮೆ ಕಡಿಮೆ."

ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ಅಣ್ಣ. ಒಂದೇ ಬೀದಿಯಲ್ಲಿ ಎದುರುಬದುರು ಮನೆ. ಇಬ್ಬರೂ ಸೀರೆ ನೇಯುವವರು, ಇಬ್ಬರದೂ ಗುಂಡಿಯ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಕೆಳಗೆ ಎರಡು ಹಲಗೆಗಳಿರುತ್ತವೆ. ಒಂದಾದ ಮೇಲೊಂದನ್ನು ತುಳಿದರೆ ಎಳೆಗಳು ಬಾಯಿ ಬಿಡುತ್ತವೆ, ಆ ಸಂದಿಯಲ್ಲಿ ಲಾಳಿ ಓಡುತ್ತದೆ. ನೋಡುವವರು ನೇಕಾರನ ಕೈಯನ್ನು ಹೊಗಳುತ್ತಾರೆ. ನೇಯುವುದರಲ್ಲಿ ಅರ್ಧ ಕೆಲಸ ಕಾಲಿನದು.

ಆ ಬೀದಿಯಲ್ಲಿ ಮಗ್ಗದ ಗುಂಡಿಯನ್ನು ಯಾರೂ ಮುಚ್ಚುವುದಿಲ್ಲ. ಅಪ್ಪ ಕೂತ ಗುಂಡಿಯಲ್ಲಿ ಮಗ ಕೂರುತ್ತಾನೆ. ಮನೆ ಸೋರಿ ನೀರು ತುಂಬಿದರೂ ಮೊಗೆದು ಹಾಕುತ್ತಾರೆಯೇ ಹೊರತು ಮುಚ್ಚುವುದಿಲ್ಲ. ಮುಚ್ಚುವುದು ಒಂದೇ ಸಂದರ್ಭದಲ್ಲಿ. ನೇಕಾರ ಸತ್ತು, ಆ ಮನೆಯಲ್ಲಿ ಮಗ್ಗಕ್ಕೆ ಕೂರುವವರು ಯಾರೂ ಉಳಿಯದಿದ್ದರೆ, ತಿಥಿ ಮುಗಿದ ಮೇಲೆ ದಾಯಾದಿಗಳು ಬಂದು ಮಣ್ಣು ತುಂಬುತ್ತಾರೆ. ಇದು ಅಲ್ಲಿನ ಮಕ್ಕಳಿಗೂ ಗೊತ್ತಿದ್ದ ಪದ್ಧತಿ.

ತಮ್ಮನ ಪಾದಕ್ಕೆ ಒಂದು ದಿನ ತುಕ್ಕು ಹಿಡಿದ ಮೊಳೆ ಚುಚ್ಚಿತು. ಮಗ್ಗದ ಮೇಲೆ ಮದುವೆಯ ಸೀರೆ ಇತ್ತು. ಮೊದಲು ಸೀರೆ ಮುಗಿಯಲಿ ಎಂದು ಅರಿಸಿನ ಮೆತ್ತಿಕೊಂಡು ನೇಯುತ್ತ ಕೂತ. ಸೆರಗು ಬಾಕಿ ಇರುವಾಗ ಪಾದ ಕಪ್ಪಗಾಯಿತು. ಪಟ್ಟಣದ ವೈದ್ಯರು ಜೀವ ಉಳಿಸಲು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಆಸ್ಪತ್ರೆಯ ಮಂಚದ ಮೇಲೆ ಅವನಿಗೆ ಇಲ್ಲದ ಪಾದ ತುರಿಸುತ್ತಿತ್ತು. ಇಲ್ಲದ ಪಾದವೇ ಹಲಗೆಯನ್ನು ಹುಡುಕುತ್ತಿತ್ತು. ಅವನು ವೈದ್ಯರನ್ನು ಕೇಳಿದ್ದು ಒಂದೇ ಪ್ರಶ್ನೆ, ನಾನು ಮತ್ತೆ ಮಗ್ಗಕ್ಕೆ ಕೂರಬಹುದೇ ಎಂದು. ಗಾಯ ಮಾಯಲಿ, ಮರದ ಕಾಲು ಕಟ್ಟಿಸಿಕೋ, ಯಾಕೆ ಕೂರಬಾರದು ಎಂದರು ಅವರು. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಅಷ್ಟು ದಿನ ನೋವು ನುಂಗಿದ.

ಈಗ ಅಣ್ಣನ ವಿಷಯ ಕೇಳು. ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಕತೆ ಎಷ್ಟೋ ಸುಲಭವಾಗುತ್ತಿತ್ತು. ಅವನು ತಮ್ಮನನ್ನು ನೆನೆದು ಅಳುತ್ತಿದ್ದ. ಒಂಟಿ ಕಾಲಿನವನು ಓಡಾಡುವಾಗ ಗುಂಡಿಗೆ ಬಿದ್ದರೆ ಗತಿ ಏನು ಎಂದು ಯೋಚಿಸಿದ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ನೇಯ್ದಷ್ಟು ಸೀರೆಯನ್ನು ಕತ್ತರಿಸಿ ಮಡಿಸಿಟ್ಟ. ಕೆರೆಯ ಮಣ್ಣು ತರಿಸಿ ಗುಂಡಿ ತುಂಬಿದ, ಗುದ್ದಿ ಗಟ್ಟಿ ಮಾಡಿದ, ಸಗಣಿ ಸಾರಿಸಿದ. ಅದರ ಮೇಲೆ ಹೊಸ ಚಾಪೆ ಹಾಸಿ ಒರಗು ದಿಂಬು ಇಟ್ಟ.

ತಮ್ಮನ ಹೆಂಡತಿ, ಬೇಡ ಭಾವ, ಅವರನ್ನು ಒಂದು ಮಾತು ಕೇಳಿ ಎಂದಳು. ನೋವಿನಲ್ಲಿರುವವನನ್ನು ಏನು ಕೇಳುವುದು ಎಂದ ಅಣ್ಣ. ಬೀದಿಯವರು ಬಂದು ನೋಡಿ, ಒಡಹುಟ್ಟಿದವನು ಅಂದರೆ ಹೀಗಿರಬೇಕು ಎಂದು ಹೊಗಳಿದರು. ಆ ಪದ್ಧತಿ ಗೊತ್ತಿದ್ದ ಒಬ್ಬನ ಬಾಯಲ್ಲೂ ಎರಡನೆಯ ಮಾತು ಬರಲಿಲ್ಲ. ಹೊಗಳಿಕೆ ಸಿಗುವ ಕಡೆ ಬುದ್ಧಿ ಯಾರಿಗೆ ಬೇಕು, ಹೇಳು.

ತಮ್ಮ ಗಾಡಿಯಿಂದ ಇಳಿದು, ಊರುಗೋಲು ಊರಿಕೊಂಡು ಒಳಗೆ ಬಂದ. ನೆಲ ನೋಡಿದ. ಹೊಸ್ತಿಲಲ್ಲೇ ನಿಂತ.

"ನಿಂತೆ ಯಾಕಪ್ಪ, ಬಾ ಕೂತುಕೋ" ಎಂದ ಅಣ್ಣ. "ಇನ್ನು ನಿನಗೆ ಯಾವ ಚಿಂತೆಯೂ ಬೇಡ. ಹೊತ್ತುಹೊತ್ತಿಗೆ ನಮ್ಮ ಮನೆಯಿಂದ ಊಟ ಬರುತ್ತದೆ. ನಾನು ಇದ್ದೇನಲ್ಲ."

"ನಾನು ಸತ್ತದ್ದು ಯಾವತ್ತು ಅಣ್ಣ?" ಎಂದು ಕೇಳಿದ ತಮ್ಮ. "ತಿಥಿಗೆ ನನ್ನ ಹೆಂಡತಿಯನ್ನಾದರೂ ಕರೆದಿದ್ದೆಯಾ, ಇಲ್ಲ ನೀವು ನೀವೇ ಉಂಡು ಎದ್ದಿರಾ?"

ಅಣ್ಣನ ಮುಖ ಬಾಡಿತು. ಬೀದಿಯವರು ತಮ್ಮನ ಮೇಲೆ ಬಿದ್ದರು. ಅನ್ನ ಹಾಕುವ ಕೈಯನ್ನೇ ಕಚ್ಚುತ್ತಾನೆ ಎಂದರು. ಕಾಲು ಹೋದರೂ ಕೊಬ್ಬು ಹೋಗಿಲ್ಲ ಎಂದರು. ಇದನ್ನು ಹೇಳಿದವರೆಲ್ಲ ಎರಡು ಕಾಲಿನ ಮೇಲೆ ನಿಂತು ಹೇಳಿದರು, ಹೇಳಿ ತಮ್ಮ ತಮ್ಮ ಮಗ್ಗಕ್ಕೆ ಹೋದರು.

ತಮ್ಮ ಆ ಚಾಪೆಯ ಮೇಲೆ ಕೂರಲಿಲ್ಲ. ಎದುರುಮನೆಯಿಂದ ಬಂದ ಊಟ ಹಾಗೆಯೇ ವಾಪಸು ಹೋಯಿತು. ಹೆಂಡತಿ ರಾಗಿ ಗಂಜಿ ಕಾಯಿಸಿದಳು. ಪಾಪ, ಪಾಪ ಎನ್ನುತ್ತ ನೋಡಲು ಬಂದವರನ್ನು ಅವನು ಬಾಗಿಲಲ್ಲೇ ಬೈದು ಕಳಿಸಿದ. ಬೀದಿಯ ಎಲ್ಲ ಮನೆಗಳಿಂದ ಮಗ್ಗದ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದಷ್ಟೂ ಅವನ ಮೈ ಉರಿಯುತ್ತಿತ್ತು. ಹೋದ ಕಾಲಿಗಾಗಿ ಅವನು ಅಷ್ಟು ದುಃಖಪಟ್ಟಿರಲಿಲ್ಲ. ಕಾಲನ್ನು ತೆಗೆದ ವೈದ್ಯರು ಅವನಿಗೆ ಹೇಳಿ ತೆಗೆದಿದ್ದರು.

ಗಾಯ ಮಾಯಿತು. ಒಂದು ಬೆಳಿಗ್ಗೆ ಅವನು ಚಾಪೆ ಎಳೆದು ಬೀದಿಗೆ ಎಸೆದ. ಹೆಂಡತಿಯ ಹತ್ತಿರ ಹಾರೆ ಕೇಳಿದ. ಅವಳು ಹಾರೆಯ ಜೊತೆಗೆ ಪುಟ್ಟಿಯನ್ನೂ ತಂದಳು.

ನಿಂತು ಅಗೆಯಲು ಆಗುವುದಿಲ್ಲವಲ್ಲ, ಕೂತು ಅಗೆದ. ಗುದ್ದಿದ ಮಣ್ಣು ಕಲ್ಲಿನ ಹಾಗೆ ಕೂತಿತ್ತು. ಅಣ್ಣನ ಪ್ರೀತಿ ಅಷ್ಟು ಗಟ್ಟಿಯಾಗಿತ್ತು. ಅಂಗೈ ಒಡೆದು ರಕ್ತ ಬಂತು. ಹೆಂಡತಿ ಮಣ್ಣನ್ನು ಪುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಎದುರುಮನೆಯ ಬಾಗಿಲ ಮುಂದೆ ಸುರಿದಳು. ಮತ್ತೆ ಬಂದಳು, ಮತ್ತೆ ಸುರಿದಳು. ಅಣ್ಣ ಓಡಿ ಬಂದು ಕೈ ಮುಗಿದ. ಬೇಡಪ್ಪ, ಗಾಯ ಬಿರಿದೀತು, ನನ್ನ ಮಾತು ಕೇಳು ಎಂದ. ತಮ್ಮ ತಲೆ ಎತ್ತಲಿಲ್ಲ. ಹಾರೆಯನ್ನೂ ನಿಲ್ಲಿಸಲಿಲ್ಲ.

ಗುಂಡಿ ಆಯಿತು. ಮಗ್ಗ ಅಟ್ಟದಿಂದ ಇಳಿಯಿತು. ಬಡಗಿ ಮರದ ಕಾಲು ಮಾಡಿಕೊಟ್ಟ. ಇನ್ನೇನು, ಮೊದಲಿನಂತೆ ನೇಯ್ದ ಎಂದು ನೀನು ಅಂದುಕೊಂಡಿದ್ದರೆ ಅದನ್ನು ಇಲ್ಲೇ ಬಿಡು. ಮೊದಲಿನಂತೆ ನೇಯಲು ಆಗಲಿಲ್ಲ. ಹಲಗೆ ತಗುಲಿತೋ ಇಲ್ಲವೋ ಮರಕ್ಕೆ ಹೇಗೆ ತಿಳಿಯಬೇಕು? ಅರ್ಧ ತುಳಿದಾಗಲೇ ಲಾಳಿ ಬಿಟ್ಟ, ಎಳೆಗಳು ಹರಿದವು. ಜಾಸ್ತಿ ತುಳಿದ, ಹಗ್ಗ ಕಿತ್ತು ಬಂತು. ಕತ್ತರಿಸಿದ ಕಾಲಿನ ತುದಿ ಕೆಂಪಾಗಿ ಊದಿತು. ಮೊದಲು ನೇಯ್ದ ಬಟ್ಟೆಯ ಅಂಚು ಹಾವು ಹರಿದಂತೆ ಇತ್ತು. ಅದನ್ನು ಅವನೇ ಕೊಯ್ದು ಒಲೆಗೆ ಹಾಕಿದ, ಹಾಕಿ ದೇವರನ್ನೂ ಸೇರಿಸಿ ಎಲ್ಲರನ್ನೂ ಬೈದ.

ನೋಡಿದಿರಾ, ನಾನು ಹೇಳಲಿಲ್ಲವೇ ಎಂದ ಅಣ್ಣ ಬೀದಿಯವರ ಮುಂದೆ. ಆ ಮಾತು ತಮ್ಮನ ಕಿವಿಗೂ ಬಿತ್ತು. ಮಾರನೆಯ ದಿನ ಅವನು ಎಲ್ಲರಿಗಿಂತ ಮೊದಲೇ ಮಗ್ಗಕ್ಕೆ ಕೂತ.

ಬರಬರುತ್ತ ತೊಡೆಗೆ ಅಂದಾಜು ಸಿಕ್ಕಿತು. ಹಲಗೆ ಎಷ್ಟು ಇಳಿಯಿತು ಎಂಬುದನ್ನು ಪಾದದ ಬದಲು ತೊಡೆಯಿಂದ ತಿಳಿಯಲು ಕಲಿತ. ಬೇರೆಯವರು ಎರಡು ಸೀರೆ ಇಳಿಸುವ ಹೊತ್ತಿಗೆ ಅವನು ಒಂದು ಇಳಿಸಿದ. ಆದರೆ ಅಂಚು ನೆಟ್ಟಗಿತ್ತು, ಸೆರಗು ಮುಗಿದಿತ್ತು. ಸೀರೆಯನ್ನು ಅವನೇ ಹೆಗಲ ಮೇಲೆ ಹಾಕಿಕೊಂಡು, ಮರದ ಕಾಲು ಕುಟ್ಟಿಕೊಂಡು, ಅಣ್ಣನ ಮನೆಯ ಮುಂದಿನಿಂದಲೇ ವ್ಯಾಪಾರಿಯ ಅಂಗಡಿಗೆ ಹೋದ. ಕತೆ ಇಷ್ಟೇ.

ಗುರುಗಳು ಮಾತು ನಿಲ್ಲಿಸಿದರು. ಮರುಳಯ್ಯನಿಗೆ ತಮ್ಮನ ಹಟ ಮೆಚ್ಚಿಗೆಯಾಗಿತ್ತು. ಆದರೆ ಬಾಗಿಲಿಗೆ ಮಣ್ಣು ಸುರಿಸಿಕೊಂಡ ಅಣ್ಣನನ್ನು ನೆನೆದು ಮರುಕವೂ ಆಯಿತು.

"ಅಣ್ಣನ ಮನಸ್ಸು ಒಳ್ಳೆಯದೇ ಇತ್ತಲ್ಲ ಬುದ್ಧಿ" ಎಂದ. "ಕೊನೆಗಾದರೂ ಅವನಿಗೆ ತನ್ನ ತಪ್ಪು ತಿಳಿಯಿತೇ? ತಮ್ಮನ ಹತ್ತಿರ ಹೋದನೇ?"

"ಎಲ್ಲಿ ಹೋದ? ತಮ್ಮ ಕೃತಘ್ನನಲ್ಲವೇ ಎಂದು ಕೇಳಿಕೊಂಡು ಇವತ್ತು ಬೆಳಿಗ್ಗೆ ನನ್ನ ಹತ್ತಿರ ಬಂದು ಕೂತಿದ್ದಾನೆ."