ಹತ್ತಿ ಬಂದವರ ಸಭೆ

ಅತ್ತಿಮರದ ತುದಿಕೊಂಬೆಯಲ್ಲಿ ಕೋತಿರಾಯನ ಯಜಮಾನಿಕೆಯಲ್ಲಿ ಸಭೆ ಸೇರಿತ್ತು. ಕೆರೆಯ ಏರಿ ಒಡೆದು ನೀರನ್ನು ಮರದ ಬುಡಕ್ಕೆ ಹರಿಸಬೇಕೇ ಎಂಬುದು ಅಲ್ಲಿನ ಪ್ರಶ್ನೆ.

"ಯಜಮಾನರೇ, ಕೆರೆಯಲ್ಲಿ ಬಾಳುವವಳು ನಾನು. ನನ್ನದೂ ಒಂದು ಮಾತಿದೆ" ಎಂದು ಆಮೆ ಕೆಳಗಿನಿಂದ ಕೂಗಿದಳು.

"ಯಾರಿಗೂ ತಡೆಯಿಲ್ಲ ತಾಯಿ. ಹತ್ತಿ ಬಂದವರೆಲ್ಲ ಮಾತಾಡಬಹುದು" ಎಂದ ಕೋತಿರಾಯ.

ಹತ್ತಲು ಹೋದ ಆಮೆ ಅಂಗಾತ ಬಿದ್ದಳು. ಕೆರೆಯ ನೂರಾರು ಏಡಿಗಳು ಸೇರಿ ಅವಳನ್ನು ಮಗುಚಿ ಕೂರಿಸಿದವು. ನಾಚಿಕೆಯಾದರೂ ಆಮೆ ಸುಮ್ಮನಾಗಲಿಲ್ಲ. ಅವುಗಳನ್ನು ಕರೆದುಕೊಂಡು ದಡದಲ್ಲಿ ಕಾದು ಕೂತಳು.

ಮಧ್ಯಾಹ್ನ ಬಾಯಾರಿದ ಕೋತಿಯ ಬಳಗ ನೀರಿಗೆ ಇಳಿದು ಬಂತು.

"ಈಗ ಎಲ್ಲರೂ ಬಂದಂತಾಯಿತು. ಸಭೆ ಶುರು ಮಾಡೋಣವೇ?" ಎಂದಳು ಆಮೆ.

ಬಾಯಿ ತುಂಬ ನೀರಿದ್ದ ಕೋತಿರಾಯ ತಲೆಯಾಡಿಸಿದ.

"ಏರಿ ಉಳಿಯಬೇಕೆನ್ನುವವರು ಕೈಯೆತ್ತಿ" ಎಂದು ಆಮೆ ಹೇಳಿದಾಗ ಏಡಿಗಳು ಉತ್ಸಾಹದಲ್ಲಿ ಎರಡೂ ಕೈ ಎತ್ತಿಬಿಟ್ಟವು. ಒಂದೇ ಸಾಕೆಂದು ಆಮೆ ನಗುತ್ತ ಗದರಿದಳು. ಒಂದೊಂದೇ ಎಣಿಸಿದರೂ ಕೆರೆ ಉಳಿಯಿತು.