ಹುಲಿಗೆವ್ವನ ಹಿಮ್ಮಡಿ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಅವರು ವೈದ್ಯರೂ ಹೌದು. ಚನ್ನಮಲ್ಲ ಅವರ ಬಳಿ ವೈದ್ಯ ಕಲಿಯಲು ಬಂದ ಶಿಷ್ಯ.

ಒಂದು ಬೆಳಿಗ್ಗೆ ಹುಲಿಗೆವ್ವ ಕುಂಟುತ್ತ ಬಂದಳು. ಬುಟ್ಟಿ ಹೊತ್ತು ಊರೂರು ತಿರುಗಿ ಮೀನು ಮಾರುವವಳು. ಅವಳಿಗೆ ಸಕ್ಕರೆ ಕಾಯಿಲೆ. ಅದರಿಂದಾಗಿ ಹಿಮ್ಮಡಿಯ ಗಾಯ ನಾಲ್ಕು ತಿಂಗಳಾದರೂ ಮಾಯ್ದಿರಲಿಲ್ಲ.

“ಇನ್ನೊಂದು ತಿಂಗಳದಾಗ ಮಾಯದಿದ್ರ ಕಾಲು ತಗೀಬೇಕು ಅಂದಾರ ಪ್ಯಾಟಿ ಡಾಕ್ಟರು,” ಎಂದಳು. “ಕಾಲು ಹೋದ್ರ ಮೀನು ತಾವಾಗೇ ನಡಕೊಂಡು ಹೊಕ್ಕಾವೇನ್ರೀ ಅಜ್ಜಾರ?”

ಗುರುಗಳು ಗಾಯ ತೊಳೆದು, ಅದರ ಮೇಲೆ ಒಂದು ಬಿಳಿ ಹಾಳೆ ಹಾಸಿದರು.

ಹಾಳೆ ಎಂದರೆ ಕಾಗದವಲ್ಲ. ರೇಷ್ಮೆಯ ಸತ್ವವನ್ನು ಕರಗಿಸಿ, ಕೂದಲಿಗಿಂತ ನೂರಾರು ಪಟ್ಟು ಸಣ್ಣ ಎಳೆಗಳಾಗಿ ಯಂತ್ರದಲ್ಲಿ ನೂತದ್ದು. ನ್ಯಾನೋ ಎಳೆ ಎನ್ನುತ್ತಾರೆ. ಬಳ್ಳಿಗೆ ಚಪ್ಪರ ಹೇಗೋ, ಹೊಸ ಚರ್ಮಕ್ಕೆ ಅದು ಹಾಗೆ. ಚರ್ಮ ಹಬ್ಬಿದಂತೆ ಎಳೆಗಳು ತಾವೇ ಕರಗುತ್ತವೆ.

ಈ ಕೊನೆಯ ಮಾತು ಚನ್ನಮಲ್ಲನಿಗೆ ಗೊತ್ತಿರಲಿಲ್ಲ.

“ಮೇಲಿನ ಬಟ್ಟೆ ದಿನಾ ಬದಲಿಸು. ಕೆಳಗಿನ ಹಾಳೆ ಮುಟ್ಟಬೇಡ,” ಎಂದಷ್ಟೇ ಚನ್ನಮಲ್ಲನಿಗೆ ಹೇಳಿ ಗುರುಗಳು ಹೋದರು.

ಚನ್ನಮಲ್ಲ ಬಟ್ಟೆ ಬದಲಿಸುವಾಗಲೆಲ್ಲ ಹಾಳೆಯ ಅಂಚನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ.

“ಏನೋ ತಮ್ಮಾ, ದಿನಾ ಇಣುಕಿ ನೋಡಾಕ ಇದು ಒಲಿ ಮ್ಯಾಗಿನ ಅನ್ನ ಏನು?” ಎಂದು ಹುಲಿಗೆವ್ವ ನಕ್ಕಳು.

ಆರನೆಯ ದಿನ ಹಾಳೆ ಅಲ್ಲಲ್ಲಿ ತೆಳ್ಳಗಾಗಿತ್ತು. ಚನ್ನಮಲ್ಲ ಗಾಬರಿಗೊಂಡ. ಹಳೆಯ ಲೇಪ ತೆಗೆದು ಹೊಸದು ಹಚ್ಚಬೇಕು ಎಂಬುದೇ ಅವನು ಅದುವರೆಗೆ ಕಲಿತಿದ್ದ ಪದ್ಧತಿ. ಹಾಳೆಯನ್ನು ಹಿಡಿದು ಎಳೆದ.

ಹುಲಿಗೆವ್ವ ಚೀರಿದಳು. ರಕ್ತ ಬಂತು.

ಗುರುಗಳು ಬಂದರು. ರಕ್ತ ನಿಲ್ಲಿಸಿ, ಹೊಸ ಹಾಳೆ ಹಾಸಿ ಕಟ್ಟು ಕಟ್ಟಿದರು. ಕಿತ್ತ ಹಾಳೆಯನ್ನು ನೀರಿನ ಬಟ್ಟಲಿನಲ್ಲಿ ತೇಲಿಬಿಟ್ಟರು.

“ಏನು ಕಾಣುತ್ತದೆ?”

“ಸವೆದ ಹಾಳೆ, ಗುರುಗಳೇ.”

“ಇನ್ನೊಮ್ಮೆ ನೋಡು.”

ಎಳೆಗಳ ನಡುವೆ ಗುಲಾಬಿ ಬಣ್ಣದ ತೆಳುವಾದ ಪೊರೆ ಅಂಟಿಕೊಂಡಿತ್ತು. ಚನ್ನಮಲ್ಲ ಬಟ್ಟಲಿನ ಮೇಲೆ ಬಗ್ಗಿದ.

“ಇದು... ಚರ್ಮ.”

“ಅವಳ ಆರು ದಿನದ ದುಡಿಮೆ,” ಎಂದರು ಗುರುಗಳು.

“ನನ್ನನ್ನು ಊರಿಗೆ ಕಳಿಸಿಬಿಡಿ ಗುರುಗಳೇ. ನನ್ನಿಂದ ಆಕೆಯ ಕಾಲು ಹೋಗುತ್ತದೆ.”

“ನೀನು ಹೋದರೆ ನಾಳೆ ಬಟ್ಟೆ ಬದಲಿಸುವವರು ಯಾರು?”

“ಅಯ್ಯ, ಇವನು ಬ್ಯಾಡ್ರೀ ಅಜ್ಜಾರ!” ಎಂದಳು ಹುಲಿಗೆವ್ವ.

“ಇವನೇ, ತಾಯೀ.”

ಮರುದಿನದಿಂದ ಚನ್ನಮಲ್ಲ ಬಟ್ಟೆಯನ್ನು ಬಿಚ್ಚುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಬಟ್ಟೆ ಎಲ್ಲಾದರೂ ಅಂಟಿದ್ದರೆ ಎಳೆಯುತ್ತಿರಲಿಲ್ಲ. ಕಾಯಿಸಿ ಆರಿಸಿದ ನೀರನ್ನು ಹನಿ ಹನಿಯಾಗಿ ಬಿಟ್ಟು, ಅದು ತಾನಾಗಿ ಸಡಿಲವಾಗುವವರೆಗೆ ಕಾಯುತ್ತಿದ್ದ. ಹಾಳೆ ದಿನದಿಂದ ದಿನಕ್ಕೆ ತೆಳುವಾಯಿತು. ಅವನು ನೋಡಿದ, ಮುಟ್ಟಲಿಲ್ಲ.

ತಿಂಗಳು ತುಂಬಿದ ದಿನ ಹುಲಿಗೆವ್ವ ಪೇಟೆಗೆ ಹೋದಳು. ಚನ್ನಮಲ್ಲ ಅಂದು ಊಟ ಮಾಡಲಿಲ್ಲ.

ಮಧ್ಯಾಹ್ನ ದಂಡೆಯ ಕಡೆಯಿಂದ ಅವಳ ದನಿ ಕೇಳಿಸಿತು.

“ತಮ್ಮಾ! ಕಾಲು ಉಳೀತೋ! ಡಾಕ್ಟರು ಒತ್ತಿ ಒತ್ತಿ ನೋಡಿದ್ರು, ‘ಇನ್ನ ಕೊಯ್ಯೋ ಮಾತೇ ಇಲ್ಲ, ಹೋಗವ್ವ’ ಅಂದ್ರು!”

ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಚನ್ನಮಲ್ಲ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಹಾಳೆ ಕಿತ್ತ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು.

ಹುಲಿಗೆವ್ವ ಕಟ್ಟೆಯ ಮೇಲೆ ಕೂತು ಕಾಲು ಚಾಚಿದಳು. ಹಿಮ್ಮಡಿಯಲ್ಲಿ ಹಾಳೆಯ ಗುರುತೂ ಇರಲಿಲ್ಲ. ತೆಳುವಾದ ಹೊಸ ಚರ್ಮ ಹೊಳೆಯುತ್ತಿತ್ತು.

“ಮುಟ್ಟಿ ನೋಡು,” ಎಂದರು ಗುರುಗಳು.

ಚನ್ನಮಲ್ಲ ಕೈ ಚಾಚಿದ. ಅರ್ಧಕ್ಕೇ ಹಿಂದೆ ತೆಗೆದುಕೊಂಡ.

“ಭಯವಾಗುತ್ತದೆ ಗುರುಗಳೇ.”

“ಹಾಗಾದರೆ ನಾಳೆಯಿಂದ ಉಳಿದ ರೋಗಿಗಳ ಗಾಯಗಳನ್ನೂ ನೀನೇ ನೋಡಿಕೊ.”