ಮೋಡದ ಕೆಳಗಿನ ಹಸಿರು

ಶಿಷ್ಯನೊಬ್ಬ ಬಂದು ಕೇಳಿದ: “ಗುರುಗಳೇ, ಆ ಗುರುಪಾದ ನಮ್ಮ ಮಠಕ್ಕೆ ಬಂದು ವರ್ಷವಾಯಿತು. ಅವನು ಯಾರಿಗೂ ಉಪಕಾರ ಮಾಡಿದ್ದನ್ನು ನಾನು ಕಂಡಿಲ್ಲ. ಅವನನ್ನೇಕೆ ಇಟ್ಟುಕೊಂಡಿದ್ದೀರಿ?”

ನೀನು ಕಂಡಿಲ್ಲವೆಂಬುದು ನಿಜ, ಕೂತುಕೋ ಎಂದು ಗುರುಗಳು ನಕ್ಕು ಕತೆ ಹೇಳಿದರು.

ಒಂದು ಊರಿನ ಪಕ್ಕ ಕುರುಚಲು ಕಾಡಿತ್ತು. ಅದನ್ನು ಕಡಿದು ಕಾರ್ಖಾನೆ ಕಟ್ಟುತ್ತೇನೆಂದು ಒಬ್ಬ ವರ್ತಕ ಹೊರಟ. ಹೊಗೆಯಿಂದ ಗಾಳಿಗೆ ಸೇರುವ ಇಂಗಾಲಾಮ್ಲವೆಂಬ ಅನಿಲವನ್ನು ಎಲೆಗಳು ಉಣ್ಣುತ್ತವಲ್ಲ. ಈ ಕಾಡು ಎಷ್ಟು ಉಣ್ಣುತ್ತದೆಂದು ತಿಳಿದು ತೀರ್ಮಾನಿಸೋಣ ಎಂದಿತು ಊರ ಸಭೆ. ಆ ಕೆಲಸ ಒಬ್ಬ ವಿಜ್ಞಾನಿಯ ಪಾಲಿಗೆ ಬಂತು. ಉಪಗ್ರಹದ ಚಿತ್ರಗಳಲ್ಲಿ ಹಸಿರನ್ನು ಅಳೆಯುವುದು ಆಕೆಯ ಕಸುಬು.

ಮೋಡ ಕವಿದ ಚಿತ್ರಗಳನ್ನು ಮೊದಲೇ ಪಕ್ಕಕ್ಕೆಸೆಯುವುದು ಆ ಕಸುಬಿನವರ ರೂಢಿ. ಆಕೆಯೂ ಎಸೆದಳು. ಉಳಿದ ನಿಚ್ಚಳ ಚಿತ್ರಗಳಲ್ಲಿ ಕಾಡು ಎಲೆ ಉದುರಿ ಬೋಳಾಗಿತ್ತು. ಇದು ಉಣ್ಣುವುದು ಅಷ್ಟಕ್ಕಷ್ಟೇ ಎಂದು ತಿಳಿಸಿದಳು. ವರ್ತಕ ಕೊಡಲಿ ಮಸೆಯಲು ಹೇಳಿಯೇಬಿಟ್ಟ.

ಆದರೆ ಪಕ್ಕದ ಬೆಟ್ಟದ ಮೇಲೆ ಗಾಳಿ ಅಳೆಯುವ ಯಂತ್ರವಿತ್ತು. ಪ್ರತಿ ಮಳೆಗಾಲದಲ್ಲೂ ಅಲ್ಲಿ ಇಂಗಾಲಾಮ್ಲ ಇಳಿಯುತ್ತಿತ್ತು. ಹಾಗಾದರೆ ಉಂಡವರು ಯಾರು? ಆಕೆಗೆ ಊಟ ಸೇರಲಿಲ್ಲ. ಎಸೆದ ಮಳೆಗಾಲದ ಚಿತ್ರಗಳನ್ನೆಲ್ಲ ಮತ್ತೆ ತೆಗೆದಳು. ಒಂದರಲ್ಲಿ ಮೋಡದ ಸಂದಿನಿಂದ ಅಂಗೈಯಗಲ ಕಾಡು ಕಂಡಿತು, ಮತ್ತೊಂದರಲ್ಲಿ ಬೆರಳಗಲ. ಆ ಚೂರುಗಳನ್ನು ಕೌದಿಯಂತೆ ಜೋಡಿಸುತ್ತ ಹೋದಳು. ಕಾಡು ಅಂಚಿನಿಂದ ಅಂಚಿಗೆ ಕಡುಹಸಿರಾಗಿತ್ತು. ಹಸಿರು ಏರಿದಾಗಲೇ ಬೆಟ್ಟದ ಮೇಲಿನ ಇಂಗಾಲಾಮ್ಲ ಇಳಿದಿತ್ತು. ಆಕೆಗೆ ಕುಣಿಯುವಷ್ಟು ಸಂತೋಷವಾಯಿತು.

ಸಭೆಯಲ್ಲಿ ವರ್ತಕ ಬಿಡಲಿಲ್ಲ. “ಬೋಳು ಎಂದವರು ನೀವೇ ಅಲ್ಲವೇ ತಾಯಿ?”

“ನಾನೇ. ಕಾಡು ಉಣ್ಣಲು ಕೂತಾಗಲೆಲ್ಲ ನಾನು ಕಣ್ಣು ಮುಚ್ಚಿಕೊಂಡಿದ್ದೆ,” ಎಂದಳು ಆಕೆ. ಚೂರು ಜೋಡಿಸಿದ ಚಿತ್ರವನ್ನು ಗೋಡೆಗೆ ತೂಗುಹಾಕಿದಳು. ತಮ್ಮ ಕಾಡನ್ನು ಹಾಗೆ ಎಂದೂ ನೋಡಿರದ ಜನ ಎದ್ದು ನಿಂತರು. ಕಾಡು ಉಳಿಯಿತು. ಮಸೆದ ಕೊಡಲಿಗಳಿಗೆ ತುಕ್ಕು ಹಿಡಿಯಿತು. ಮುಂದಿನ ಮಳೆಗಾಲದಲ್ಲಿ ಕಾಡು ಹೊಟ್ಟೆತುಂಬ ಉಂಡಿತು, ಊರು ಎದೆತುಂಬ ಉಸಿರಾಡಿತು.

ಶಿಷ್ಯನ ಮುಖ ಅರಳಿತು. ಆಕೆ ಗೆದ್ದದ್ದು ಒಳ್ಳೆಯದಾಯಿತು, ಆದರೆ ಗುರುಪಾದನಿಗೂ ಆ ಕಾಡಿಗೂ ಏನು ಸಂಬಂಧ ಎಂದು ಕೇಳಿದ.

ಗುರುಗಳು ಹೇಳಿದರು: “ಹೋದ ಆಷಾಢದಲ್ಲಿ ನೀನು ಜ್ವರ ಬಂದು ಎಚ್ಚರವಿಲ್ಲದೆ ಮಲಗಿದ್ದೆಯಲ್ಲ, ಆಗ ನಿನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದವನು ಯಾರೆಂದುಕೊಂಡೆ?”